ಬಸುರಿಯ ಮೂತ್ರದಲ್ಲಿ ಸಕ್ಕರೆ, ರಕ್ತದಲ್ಲಿ ಎಲ್ಲ ಸರಿ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ದೂರು ಹೀಗೆ ಬರುತ್ತದೆ. ಐದೋ ಆರೋ ತಿಂಗಳ ಬಸುರಿ. ತಪಾಸಣೆಗೆ ಹೋದಾಗ ಮೂತ್ರದ ಪಟ್ಟಿ ಅದ್ದಿ ನೋಡಿ, ತಾಯಿ ಕಾರ್ಡಿನಲ್ಲಿ 'ಸಕ್ಕರೆ +' ಎಂದು ಬರೆದಿದ್ದಾರೆ. ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ನಾರ್ಮಲ್. ಮುಂದಿನ ತಿಂಗಳು ಮೂತ್ರದಲ್ಲಿ ಏನೂ ಇಲ್ಲ. ಅದರ ಮುಂದಿನ ತಿಂಗಳು ಮತ್ತೆ ಎರಡು ಪ್ಲಸ್. ಅಷ್ಟರಲ್ಲಿ ಮನೆಯವರು ಅನ್ನ ಬಿಡಿಸಿ, ಹಣ್ಣು ಬಿಡಿಸಿ, ಬೆಳಿಗ್ಗೆ ಹಾಗಲಕಾಯಿ ರಸ ಶುರು ಮಾಡಿರುತ್ತಾರೆ. ಆ ಹೆಣ್ಣುಮಗಳು ಹಸಿವಿನಲ್ಲೂ ಭಯದಲ್ಲೂ ದಿನ ದೂಡುತ್ತಿರುತ್ತಾಳೆ.

ಈ ಬರಹ ಆಕೆಗೆ, ಆಕೆಯ ಮನೆಯವರಿಗೆ, ಜೊತೆಗೆ ಊರೂರಿನಲ್ಲಿ ಪಟ್ಟಿ ಹಿಡಿದು ನೋಡುವ ಆಶಾ, ಎಎನ್‌ಎಂ ಮತ್ತು ಲ್ಯಾಬ್‌ನವರಿಗೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಸುರಿನಲ್ಲಿ ಮೂತ್ರದ ಸಕ್ಕರೆ ಹೇಳುವುದು ಹೆಚ್ಚಾಗಿ ಕಿಡ್ನಿಯ ಸುದ್ದಿ, ಮಧುಮೇಹದ ಸುದ್ದಿ ಅಲ್ಲ. ಮಧುಮೇಹ ಇದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ರಕ್ತಕ್ಕೆ ಮಾತ್ರ. ಪ್ಲಸ್ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ.

ಎಲ್ಲಕ್ಕೂ ಮೊದಲು: ತುರ್ತು ಏನಾದರೂ ಇದೆಯಾ?

ಕಾರಣ ಹುಡುಕುತ್ತಾ ಕೂರುವ ಮುಂಚೆ ಎದುರಿಗಿರುವ ಹೆಣ್ಣುಮಗಳನ್ನು ನೋಡಿ. ಬಿಡದೆ ವಾಂತಿ, ಜೋರು ಉಸಿರಾಟ, ಹೊಟ್ಟೆನೋವು, ತೂಕಡಿಕೆ ಇದ್ದು, ಪಟ್ಟಿಯಲ್ಲಿ ಸಕ್ಕರೆಯ ಜೊತೆ ಕೀಟೋನ್ ಕೂಡ ಜಾಸ್ತಿ ಬಂದಿದ್ದರೆ ಈ ಕೈಪಿಡಿ ಮುಚ್ಚಿ ಆಸ್ಪತ್ರೆಗೆ ಹೊರಡಿ. ಅದು ಕೀಟೋಅಸಿಡೋಸಿಸ್ ಆಗಿರಬಹುದು, ಅಂದರೆ ಮೈ ಕೊಬ್ಬು ಕರಗಿಸುವಾಗ ಹುಟ್ಟುವ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಸ್ಥಿತಿ. ಬಸುರಿನಲ್ಲಿ ಇದು ರಕ್ತದ ಸಕ್ಕರೆ 200 ದಾಟದೆಯೂ ಬರಬಲ್ಲದು. ಹಾಗಾಗಿ 'ಶುಗರ್ ಅಷ್ಟೇನಿಲ್ಲ' ಎಂದು ಸಮಾಧಾನ ಮಾಡಿಕೊಳ್ಳಬೇಡಿ. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ.

ವಿಪರೀತ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು, ತೂಕ ಇಳಿಯುವುದು ಒಟ್ಟಿಗೆ ಇದ್ದರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಜ್ವರ, ಚಳಿ, ಸೊಂಟದ ಮೇಲ್ಭಾಗದಲ್ಲಿ ಒಂದು ಕಡೆ ನೋವು ಇದ್ದರೆ ಕಿಡ್ನಿಗೆ ಸೋಂಕು ತಗುಲಿರಬಹುದು. ಅದಕ್ಕೂ ಕಾಯುವ ಹಾಗಿಲ್ಲ.

ಇವು ಯಾವುವೂ ಇಲ್ಲ, ಆಕೆ ಆರಾಮಾಗಿದ್ದಾಳೆ ಎಂದಾದರೆ ನಿಧಾನವಾಗಿ ಮುಂದೆ ಹೋಗೋಣ.

ಪಟ್ಟಿಯ ಮಾತು ನಂಬಬಹುದಾ?

ಪಟ್ಟಿಯ ಮೇಲಿನ ಸಣ್ಣ ಚೌಕದಲ್ಲಿ ಎರಡು ಕಿಣ್ವಗಳಿರುತ್ತವೆ. ಗ್ಲೂಕೋಸ್ ಆಕ್ಸಿಡೇಸ್ ಎಂಬುದು ಗ್ಲೂಕೋಸನ್ನು ಮುರಿದು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಪೆರಾಕ್ಸಿಡೇಸ್ ಆ ಪೆರಾಕ್ಸೈಡ್ ಬಳಸಿ ಬಣ್ಣ ಬದಲಿಸುತ್ತದೆ. ಇಷ್ಟು ಗೊತ್ತಿದ್ದರೆ ಪಟ್ಟಿ ಎಲ್ಲಿ ತಪ್ಪುತ್ತದೆ ಎಂಬುದೂ ಗೊತ್ತಾಗುತ್ತದೆ.

ಬಾಟಲಿಯನ್ನು ಬ್ಲೀಚಿಂಗ್ ಪುಡಿಯಲ್ಲಿ ತೊಳೆದು ಸರಿಯಾಗಿ ಜಾಲಿಸದಿದ್ದರೆ, ಸಕ್ಕರೆ ಇಲ್ಲದೆಯೂ ಬಣ್ಣ ಬರುತ್ತದೆ. ಮನೆಯಿಂದ ಟಾನಿಕ್ ಬಾಟಲಿಯಲ್ಲಿ ಮೂತ್ರ ತಂದಿದ್ದರೆ ಆ ಟಾನಿಕ್‌ನಲ್ಲಿದ್ದ ಗ್ಲೂಕೋಸೇ ಕಾಣಿಸಬಹುದು. ಇನ್ನೊಂದು ಕಡೆ, ವಿಟಮಿನ್ ಸಿ ಜಾಸ್ತಿ ತೆಗೆದುಕೊಂಡವರಲ್ಲಿ ಅದು ಪೆರಾಕ್ಸೈಡನ್ನು ತಾನೇ ಮುಗಿಸಿಬಿಡುತ್ತದೆ. ಸಕ್ಕರೆ ಇದ್ದರೂ ಪಟ್ಟಿ ಇಲ್ಲ ಎನ್ನುತ್ತದೆ. ಕಬ್ಬಿಣದ ಮಾತ್ರೆ ಚೆನ್ನಾಗಿ ಮೈಗೆ ಹತ್ತಲಿ ಎಂದು ಅದರ ಜೊತೆ ವಿಟಮಿನ್ ಸಿ ಮಾತ್ರೆ ತೆಗೆದುಕೊಳ್ಳುವವರು ಇದ್ದಾರೆ. ಅದನ್ನು ಕೇಳಿ ಗುರುತು ಹಾಕಿಕೊಳ್ಳಿ. ಮೂತ್ರವನ್ನು ಗಂಟೆಗಟ್ಟಲೆ ಹೊರಗೆ ಇಟ್ಟರೆ ಅದರಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಮುಗಿಸುತ್ತವೆ. ಫ್ರಿಜ್‌ನಿಂದ ತೆಗೆದು ತಣ್ಣಗಿರುವಾಗಲೇ ನೋಡಿದರೆ ಕಿಣ್ವ ನಿಧಾನವಾಗಿ ಕೆಲಸ ಮಾಡುತ್ತದೆ, ಬಣ್ಣ ಕಡಿಮೆ ಬರುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟು ತೇವ ಹಿಡಿದ ಪಟ್ಟಿಯಂತೂ ಯಾವುದಕ್ಕೂ ಬಾರದು. ಡಬ್ಬಿಯ ಮೇಲೆ ಬರೆದಷ್ಟೇ ಸೆಕೆಂಡು ಬಿಟ್ಟು ನೋಡಬೇಕು, ಸಾಮಾನ್ಯವಾಗಿ 30. ಐದು ನಿಮಿಷ ಬಿಟ್ಟು ಬಂದು ನೋಡಿದ ಬಣ್ಣಕ್ಕೆ ಬೆಲೆಯಿಲ್ಲ.

ಕೆಲವು ಕಡೆ ಈಗಲೂ ಬೆನೆಡಿಕ್ಟ್ ದ್ರಾವಣದಲ್ಲಿ ಮೂತ್ರ ಕುದಿಸಿ ನೋಡುತ್ತಾರೆ. ಐದು ಮಿ.ಲೀ. ನೀಲಿ ದ್ರಾವಣ, ಎಂಟು ಹನಿ ಮೂತ್ರ, ಹಸಿರಿನಿಂದ ಇಟ್ಟಿಗೆ ಕೆಂಪಿನವರೆಗೆ ಬಣ್ಣ. ಅದು ಗ್ಲೂಕೋಸ್ ಒಂದನ್ನೇ ಹುಡುಕುವುದಿಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್‌ಗೂ ಬಣ್ಣ ಕೊಡುತ್ತದೆ, ವಿಟಮಿನ್ ಸಿಗೂ ಕೊಡುತ್ತದೆ. ಬಸುರಿನ ಕೊನೆಯ ತಿಂಗಳುಗಳಲ್ಲಿ, ಹಾಲುಣಿಸುವಾಗ ಮೂತ್ರದಲ್ಲಿ ಲ್ಯಾಕ್ಟೋಸ್ ಬರುವುದು ಸಹಜ. ಹಾಗಾಗಿ ಬೆನೆಡಿಕ್ಟ್‌ನಲ್ಲಿ ಬಣ್ಣ, ಪಟ್ಟಿಯಲ್ಲಿ ಏನೂ ಇಲ್ಲ ಎಂದಾದರೆ ಮೊದಲು ಲ್ಯಾಕ್ಟೋಸ್ ನೆನಪಾಗಲಿ, ಆಮೇಲೆ ವಿಟಮಿನ್ ಸಿ. ಲ್ಯಾಕ್ಟೋಸ್ ರೋಗವಲ್ಲ, ಮೈ ಹಾಲಿಗೆ ತಯಾರಾಗುತ್ತಿದೆ ಎಂದಷ್ಟೇ.

ಶುಚಿಯಾದ ಬಾಟಲಿ, ತಾಜಾ ಮೂತ್ರ, ಅವಧಿ ಮುಗಿಯದ ಪಟ್ಟಿ. ಮೂರೂ ಇಟ್ಟುಕೊಂಡು ಇನ್ನೊಮ್ಮೆ ನೋಡಿ. ಮತ್ತೆ ಪ್ಲಸ್ ಬಂತಾ? ಸರಿ, ಸಕ್ಕರೆ ನಿಜವಾಗಿಯೂ ಇದೆ. ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆ.

ಕಿಡ್ನಿಯ ಲೆಕ್ಕ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಅರ್ಥವಾದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಕಿಡ್ನಿ ರಕ್ತವನ್ನು ಸೋಸುವಾಗ ಗ್ಲೂಕೋಸನ್ನು ತಡೆಯುವುದಿಲ್ಲ. ನೀರಿನ ಜೊತೆ ಅದೂ ಜರಡಿ ದಾಟಿ ಕೆಳಗಿಳಿಯುತ್ತದೆ. ಆಮೇಲೆ ಸಣ್ಣ ನಳಿಕೆಗಳ ಮೊದಲ ಭಾಗದಲ್ಲಿ ಅದನ್ನು ಹಿಡಿದು ರಕ್ತಕ್ಕೆ ವಾಪಸ್ ಕಳಿಸುವ ಕೆಲಸ ನಡೆಯುತ್ತದೆ. ಹಿಡಿಯುವುದು ಎರಡು ಸಾಗಣೆ ಪ್ರೋಟೀನುಗಳು. ಎಸ್‌ಜಿಎಲ್‌ಟಿ2 ಎಂಬುದು ಸುಮಾರು ನೂರಕ್ಕೆ 90ರಷ್ಟನ್ನು ಎತ್ತಿಕೊಳ್ಳುತ್ತದೆ. ಉಳಿದದ್ದನ್ನು ಸ್ವಲ್ಪ ಮುಂದೆ ಕುಳಿತ ಎಸ್‌ಜಿಎಲ್‌ಟಿ1 ಹೆಕ್ಕುತ್ತದೆ.

ಬಸುರಿಲ್ಲದ ಆರೋಗ್ಯವಂತ ಹೆಂಗಸಿನ ಲೆಕ್ಕ ನೋಡಿ. ಕಿಡ್ನಿ ನಿಮಿಷಕ್ಕೆ 100 ಮಿ.ಲೀ. ಸೋಸುತ್ತದೆ ಎಂದಿಟ್ಟುಕೊಳ್ಳೋಣ. ಅಷ್ಟು ರಕ್ತದ್ರವದಲ್ಲಿ 90 ಮಿ.ಗ್ರಾಂ. ಗ್ಲೂಕೋಸ್. ದಿನಕ್ಕೆ 1,440 ನಿಮಿಷ. ಗುಣಿಸಿದರೆ ಸುಮಾರು 130 ಗ್ರಾಂ. ಇಷ್ಟೂ ದಿನಾ ನಳಿಕೆಗೆ ಇಳಿಯುತ್ತದೆ, ಹೆಚ್ಚುಕಡಿಮೆ ಎಲ್ಲವೂ ವಾಪಸ್ ಹೋಗುತ್ತದೆ. ಮೂತ್ರದಲ್ಲಿ ಉಳಿಯುವುದು ಅರ್ಧ ಗ್ರಾಂ ಕೂಡ ಅಲ್ಲ. ಪಟ್ಟಿಗೆ ಅದು ಕಾಣುವುದೇ ಇಲ್ಲ.

ಈಗ ಅದೇ ಹೆಂಗಸು ಬಸುರಿ. ಹಾರ್ಮೋನುಗಳಿಂದ ರಕ್ತನಾಳಗಳು ಸಡಿಲವಾಗುತ್ತವೆ, ರಕ್ತದ ಪ್ರಮಾಣ ಏರುತ್ತದೆ, ಕಿಡ್ನಿಗೆ ಹರಿವು ಜಾಸ್ತಿಯಾಗುತ್ತದೆ. ಮೊದಲ ಮೂರು ತಿಂಗಳು ಮುಗಿಯುವ ಹೊತ್ತಿಗೆ ಸೋಸುವ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚಿರುತ್ತದೆ. ಅಂದರೆ ನಿಮಿಷಕ್ಕೆ 150 ಮಿ.ಲೀ. ಖಾಲಿ ಹೊಟ್ಟೆಯ ಸಕ್ಕರೆ ಬಸುರಿನಲ್ಲಿ ಇಳಿಯುವುದರಿಂದ 90ರ ಬದಲು 85 ಎಂದೇ ಹಿಡಿಯೋಣ. ದಿನಕ್ಕೆ ಸುಮಾರು 184 ಗ್ರಾಂ ಆಯಿತು. ಗಮನಿಸಿ, ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿದೆ. ಆದರೂ ನಳಿಕೆಯ ಮೇಲೆ ಬಿದ್ದ ಹೊರೆ 54 ಗ್ರಾಂ ಜಾಸ್ತಿಯಾಗಿದೆ.

ಆ ನಳಿಕೆ ನೂರರಲ್ಲಿ 98 ಹಿಡಿದು 2 ಬಿಟ್ಟಿತು ಅನ್ನಿ. ಯಾವ ಕೆಲಸಗಾರನನ್ನು ಕೇಳಿದರೂ ಅದು ಒಳ್ಳೆಯ ಕೆಲಸವೇ ಅಲ್ವಾ? ಆದರೆ 184ರಲ್ಲಿ ನೂರಕ್ಕೆ 2 ಎಂದರೆ 3.7 ಗ್ರಾಂ. ಒಂದೂವರೆ ಲೀಟರ್ ಮೂತ್ರದಲ್ಲಿ ಅದು ಹರಡಿದರೆ ಡೆಸಿಲೀಟರಿಗೆ 245 ಮಿ.ಗ್ರಾಂ. ಹೆಚ್ಚಿನ ಪಟ್ಟಿಗಳಲ್ಲಿ 250 ಎಂಬುದು ಒಂದು ಪ್ಲಸ್. ಅಂದರೆ ಮಧುಮೇಹದ ಸುಳಿವೇ ಇಲ್ಲದೆ ಕಾರ್ಡಿನ ಮೇಲೆ ಪ್ಲಸ್ ಬಿತ್ತು. ಅವತ್ತೇ ಆಕೆ ಮೂರು ಲೀಟರ್ ಮೂತ್ರ ಮಾಡುವಷ್ಟು ನೀರು ಕುಡಿದಿದ್ದರೆ ಇಷ್ಟೇ ಸಕ್ಕರೆ 122ಕ್ಕೆ ಇಳಿದು, ಪಟ್ಟಿಯ ಮೇಲೆ ಬರೀ ಛಾಯೆ ಕಾಣುತ್ತಿತ್ತು. ಪಟ್ಟಿ ಅಳೆಯುವುದು ಸಾಂದ್ರತೆಯನ್ನು, ದಿನಕ್ಕೆ ಹೋದ ಒಟ್ಟು ಸಕ್ಕರೆಯನ್ನಲ್ಲ. ಒಂದೇ ಹೆಂಗಸಿನಲ್ಲಿ ಇವತ್ತು ಪ್ಲಸ್, ನಾಳೆ ಇಲ್ಲ ಎನ್ನುವ ಆಟಕ್ಕೆ ಇದೂ ಒಂದು ಕಾರಣ.

ಸಾಮಾನ್ಯ ದಿನಗಳಲ್ಲಿ ರಕ್ತದ ಸಕ್ಕರೆ ಸುಮಾರು 180 ದಾಟಿದ ಮೇಲೆಯೇ ಮೂತ್ರಕ್ಕೆ ಸೋರುತ್ತದೆ. ಕೆರೆ ಕೋಡಿ ಬೀಳುವುದಕ್ಕೆ ಎರಡು ಕಾರಣ ಇರಬಹುದು: ಒಳಹರಿವು ಜಾಸ್ತಿಯಾಗಿರಬಹುದು, ಇಲ್ಲವೇ ಕೋಡಿಯ ಮಟ್ಟವೇ ತಗ್ಗಿರಬಹುದು. ಬಸುರಿನಲ್ಲಿ ಎರಡೂ ನಡೆಯುತ್ತವೆ. ಸೋಸುವುದು ಹೆಚ್ಚುತ್ತದೆ, ಜೊತೆಗೆ ನಳಿಕೆಗಳು ಹಿಡಿಯುವ ಬಿಗಿಯೂ ಸ್ವಲ್ಪ ಸಡಿಲವಾಗುತ್ತದೆ. ಎಷ್ಟು ಸಡಿಲ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಇಂಗ್ಲೆಂಡಿನ ಜಾನ್ ಡೇವಿಸನ್ ಮತ್ತು ಫ್ರಾಂಕ್ ಹೈಟನ್ 1975ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಎತ್ತಿ ತೋರಿಸಿತು. ಹೊರೆ ಹೆಚ್ಚಿದ್ದು ಒಂದೇ ಕಾರಣವಲ್ಲ, ಸಕ್ಕರೆ ಸೋರುವವರಲ್ಲಿ ವಾಪಸ್ ಹೀರುವುದೂ ಕಡಿಮೆ ಇರುತ್ತದೆ ಎಂದು.

ಹೀಗಾಗಿ ಬಸುರಿನ ಒಂಬತ್ತು ತಿಂಗಳಲ್ಲಿ ಯಾವುದೋ ಒಂದು ದಿನ ಪಟ್ಟಿಯಲ್ಲಿ ಸಕ್ಕರೆ ಕಾಣುವುದು ಅಪರೂಪವೇನಲ್ಲ. ಸುಮಾರು ಅರ್ಧದಷ್ಟು ಬಸುರಿಯರಲ್ಲಿ ಕಾಣುತ್ತದೆ.

ಇದೇ ಸೋಸುವ ವೇಗದ ಇನ್ನೊಂದು ಪರಿಣಾಮವನ್ನು ಇಲ್ಲೇ ಹೇಳಿಬಿಡಬೇಕು. ಕಿಡ್ನಿ ಹೊರಹಾಕುವ ಕಸವಾದ ಕ್ರಿಯಾಟಿನಿನ್ ಬಸುರಿನಲ್ಲಿ ರಕ್ತದಲ್ಲಿ 0.5ರ ಆಸುಪಾಸಿಗೆ ಇಳಿಯುತ್ತದೆ. ಲ್ಯಾಬ್ ವರದಿಯಲ್ಲಿ ಅಚ್ಚಾದ ನಾರ್ಮಲ್ ಮಿತಿ ಬಸುರಿಲ್ಲದವರದ್ದು. ಅದರಲ್ಲಿ 1.0 ಎಂಬುದು ಸರಿಯಾಗಿಯೇ ಕಾಣುತ್ತದೆ. ಬಸುರಿಗೆ ಅದು ಸರಿಯಲ್ಲ, ಕಿಡ್ನಿ ಸೋತಿರಬಹುದು. ಮೂತ್ರದ ಸಕ್ಕರೆಗೆ ಗಾಬರಿಯಾಗಿ ಈ ಅಂಕಿಯನ್ನು ದಾಟಿ ಹೋಗಬೇಡಿ. ಪಟ್ಟಿಯಲ್ಲಿ ಪ್ರೋಟೀನ್ ಬಂದರೂ ಹಾಗೆಯೇ. ಬಿಪಿ ಜೊತೆ ಪ್ರೋಟೀನ್ ಎಂದರೆ ಬೇರೆಯೇ ಕಥೆ, ಸಕ್ಕರೆಗಿಂತ ಎಷ್ಟೋ ಪಾಲು ಗಂಭೀರ.

ರಕ್ತವನ್ನು ಸರಿಯಾಗಿ ಕೇಳಿದ್ದೀರಾ?

'ರಕ್ತದಲ್ಲಿ ನಾರ್ಮಲ್' ಎಂದಾಗ ಯಾವ ಪರೀಕ್ಷೆ, ಯಾವಾಗ, ಹೇಗೆ ಎಂದು ಕೇಳಿ. ಸುಮ್ನೆ ಖಾಲಿ ಹೊಟ್ಟೆಯ ಒಂದು ಶುಗರ್ ನೋಡಿ ಬಿಟ್ಟಿದ್ದರೆ ಅದು ಸಾಲದು. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಬಾರಿ ಖಾಲಿ ಹೊಟ್ಟೆಯದು ಸರಿಯಿದ್ದು ಊಟದ ನಂತರದ್ದು ಏರಿರುತ್ತದೆ.

ನಮ್ಮ ದೇಶದ ಸರಕಾರಿ ಮಾರ್ಗಸೂಚಿ ಹೇಳುವ ಪರೀಕ್ಷೆ ಸರಳವಾದದ್ದು. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಅವರ ಜೊತೆಗಾರರ ಗುಂಪು ಬಳಕೆಗೆ ತಂದ ಡಿಪ್ಸಿ ವಿಧಾನ ಇದು. ಊಟ ಮಾಡಿದ್ದರೂ ಸರಿ, ಇಲ್ಲದಿದ್ದರೂ ಸರಿ. 75 ಗ್ರಾಂ ಗ್ಲೂಕೋಸನ್ನು 300 ಮಿ.ಲೀ. ನೀರಿನಲ್ಲಿ ಕಲಸಿ ಐದು ಹತ್ತು ನಿಮಿಷದೊಳಗೆ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡಬೇಕು. 140 ಅಥವಾ ಹೆಚ್ಚಿದ್ದರೆ ಬಸುರಿನ ಮಧುಮೇಹ. ಮೊದಲ ಭೇಟಿಯಲ್ಲೇ ಒಮ್ಮೆ, ಅದು ಸರಿಯಿದ್ದರೆ 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ. ಎರಡನೆಯದನ್ನು ಬಿಡಲೇಬಾರದು. ಮಾಸಿನ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುವುದು ಜೋರಾಗುವುದೇ ಆ ಹೊತ್ತಿಗೆ. ಮೂರನೇ ತಿಂಗಳಿನ ನಾರ್ಮಲ್ ಏಳನೇ ತಿಂಗಳಿಗೆ ಗ್ಯಾರಂಟಿಯಲ್ಲ.

ಕೆಲವು ಆಸ್ಪತ್ರೆಗಳು ಖಾಲಿ ಹೊಟ್ಟೆಯಲ್ಲಿ ಕರೆದು ಮೂರು ಬಾರಿ ರಕ್ತ ತೆಗೆಯುತ್ತವೆ. ಅಲ್ಲಿ ಮಿತಿಗಳು ಖಾಲಿ ಹೊಟ್ಟೆಯಲ್ಲಿ 92, ಗ್ಲೂಕೋಸ್ ಕುಡಿದು ಒಂದು ಗಂಟೆಗೆ 180, ಎರಡು ಗಂಟೆಗೆ 153. ಯಾವುದಾದರೂ ಒಂದು ಮುಟ್ಟಿದರೂ ಮಧುಮೇಹ ಎಂದೇ ಲೆಕ್ಕ.

ಈ ಪರೀಕ್ಷೆ ತಪ್ಪುವ ಜಾಗಗಳೂ ಇವೆ. ಪ್ಯಾಕೆಟ್ ಮೇಲೆ ಮೋನೋಹೈಡ್ರೇಟ್ ಎಂದಿದ್ದರೆ 75 ಗ್ರಾಂ ಸಾಲದು, 82.5 ಗ್ರಾಂ ಬೇಕು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮಾಡಬೇಕು. ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪುವುದು ರಕ್ತ ತೆಗೆದ ಮೇಲೆ. ಟ್ಯೂಬಿನೊಳಗೂ ರಕ್ತಕಣಗಳು ಬದುಕಿರುತ್ತವೆ, ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಕರಗುತ್ತದೆ. ಶಿಬಿರದಲ್ಲಿ ತೆಗೆದಾಗ 148 ಇದ್ದದ್ದು ಸಾದಾ ಟ್ಯೂಬಿನಲ್ಲಿ ತಾಲ್ಲೂಕಿನ ಲ್ಯಾಬ್ ಮುಟ್ಟುವ ಹೊತ್ತಿಗೆ ಒಂದೂ ಕಾಲು ಗಂಟೆ ಕಳೆದಿದ್ದರೆ 137 ಆಗಿರುತ್ತದೆ. ವರದಿ 'ನಾರ್ಮಲ್'. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್, ತಣ್ಣನೆಯ ಡಬ್ಬಿ, ಬೇಗ ಲ್ಯಾಬ್ ಮುಟ್ಟಿಸುವುದು. ಇವು ಆಗದಿದ್ದರೆ ಪ್ಲಾಸ್ಮಾಗೆ ಹೊಂದಿಸಿದ ಗ್ಲೂಕೋಮೀಟರಿನಲ್ಲಿ ಅಲ್ಲೇ ನೋಡುವುದೇ ಮೇಲು.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ. ಬಸುರಿನಲ್ಲಿ ಕೆಂಪು ಕಣಗಳು ಬೇಗ ಬದಲಾಗುತ್ತವೆ, ರಕ್ತಹೀನತೆಯೂ ಇದ್ದರೆ ಆ ಅಂಕಿ ಯಾವ ಕಡೆಗಾದರೂ ವಾಲಬಹುದು. ಅದು 6.5 ಅಥವಾ ಹೆಚ್ಚಿದ್ದರೆ ಮಧುಮೇಹ ಬಸುರಿಗೆ ಮೊದಲೇ ಇತ್ತೆಂದು ಗಂಭೀರವಾಗಿ ತೆಗೆದುಕೊಳ್ಳಬೇಕು. ಕಡಿಮೆ ಬಂತೆಂದು ಮಾತ್ರ ಪರೀಕ್ಷೆ ಬಿಡುವ ಹಾಗಿಲ್ಲ.

ಮೂತ್ರದ ಪಟ್ಟಿಗೆ ಇಲ್ಲಿ ಒಂದು ಸಣ್ಣ ಉಪಯೋಗ ಉಂಟು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ನಿಯಮ ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಒಮ್ಮೆ ಎರಡು ಪ್ಲಸ್ ಅಥವಾ ಹೆಚ್ಚು, ಇಲ್ಲವೇ ಎರಡು ಬಾರಿ ಒಂದು ಪ್ಲಸ್ ಬಂದರೆ ಮಧುಮೇಹದ ಪರೀಕ್ಷೆ ಮಾಡುವುದನ್ನು ಯೋಚಿಸಬೇಕು. ನಮ್ಮಲ್ಲಿ ಎಲ್ಲ ಬಸುರಿಯರಿಗೂ ರಕ್ತ ಪರೀಕ್ಷೆ ಆಗಲೇಬೇಕು. ಆಗಿಲ್ಲದಿದ್ದರೆ ಆ ಪ್ಲಸ್ ಅದನ್ನು ನೆನಪಿಸಲಿ. 28ನೇ ವಾರದ ಪರೀಕ್ಷೆ ಸರಿಯಿದ್ದು, 32ನೇ ವಾರದಲ್ಲಿ ಎಂದೂ ಇಲ್ಲದ ಮೂರು ಪ್ಲಸ್ ಬಂದರೆ, ಮಗುವಿನ ಬೆಳವಣಿಗೆಯೂ ಅಳತೆಗಿಂತ ಮುಂದಿದ್ದರೆ, ರಕ್ತವನ್ನು ಮತ್ತೊಮ್ಮೆ ನೋಡುವುದೇ ಜಾಣತನ.

ನನ್ನನ್ನು ಹೆಚ್ಚು ಕಾಡುವುದು ಇದರ ಉಲ್ಟಾ ತಪ್ಪು. 'ಯೂರಿನ್‌ನಲ್ಲಿ ಶುಗರ್ ಇಲ್ಲ, ಹಾಗಾಗಿ ನಿಮಗೆ ಶುಗರ್ ಇಲ್ಲ' ಎಂದು ಕಳಿಸಿಬಿಡುವುದು. ಎರಡು ಗಂಟೆಯ ಸಕ್ಕರೆ 155 ಇರುವ ಹೆಂಗಸಿಗೆ ಬಸುರಿನ ಮಧುಮೇಹ ಇದೆ. ಆಕೆಯ ಕಿಡ್ನಿ ಬಿಗಿಯಾಗಿ ಹಿಡಿಯುವಂಥದ್ದಾದರೆ ಮೂತ್ರಕ್ಕೆ ಒಂದು ಹನಿಯೂ ಸೋರುವುದಿಲ್ಲ. ಪ್ಲಸ್ ಬಂದವಳು ಭಯಪಟ್ಟು ಹೇಗೋ ಪರೀಕ್ಷೆ ಮಾಡಿಸಿಕೊಳ್ಳುತ್ತಾಳೆ. ಪ್ಲಸ್ ಬಾರದವಳನ್ನು ಯಾರೂ ಕೇಳುವುದಿಲ್ಲ.

ರಕ್ತ ಖಚಿತವಾಗಿ ಸರಿ, ಸಕ್ಕರೆ ಮಾತ್ರ ಸದಾ ಜಾಸ್ತಿ

ಪ್ರತಿ ಬಾರಿಯೂ ಮೂರು ನಾಲ್ಕು ಪ್ಲಸ್ ಬರುತ್ತಿದ್ದರೆ ಇನ್ನೂ ಕೆಲವು ಪ್ರಶ್ನೆಗಳಿವೆ. ಮೊದಲು ಮಾತ್ರೆಗಳು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಗಳು ಎಸ್‌ಜಿಎಲ್‌ಟಿ2 ಅನ್ನೇ ಕಟ್ಟಿಹಾಕಿ ಸಕ್ಕರೆಯನ್ನು ಮೂತ್ರಕ್ಕೆ ಬಿಡುತ್ತವೆ. ಬಸುರಾಗುವ ಮುಂಚೆ ತೆಗೆದುಕೊಳ್ಳುತ್ತಿದ್ದವರು ಗೊತ್ತಿಲ್ಲದೆ ಮುಂದುವರಿಸಿರಬಹುದು. ಬಸುರಿನಲ್ಲಿ ಅವು ಸಲ್ಲವು, ಕೂಡಲೇ ವೈದ್ಯರಿಗೆ ಹೇಳಬೇಕು. ಅವಧಿಗೆ ಮುಂಚೆ ಹೆರಿಗೆಯಾಗುವ ಸೂಚನೆ ಇದ್ದಾಗ ಮಗುವಿನ ಶ್ವಾಸಕೋಶ ಬಲಿಯಲೆಂದು ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದು ಕೆಲವು ದಿನ ರಕ್ತದ ಸಕ್ಕರೆಯನ್ನೇ ಏರಿಸುತ್ತದೆ. ಆ ದಿನಗಳ ಪರೀಕ್ಷೆಯನ್ನು ಅದೇ ಕಣ್ಣಿನಿಂದ ನೋಡಿ.

ಕೆಲವು ಮನೆತನಗಳಲ್ಲಿ ಎಸ್‌ಜಿಎಲ್‌ಟಿ2 ತಯಾರಿಸುವ ಜೀನ್‌ನಲ್ಲೇ ಬದಲಾವಣೆ ಇರುತ್ತದೆ. ಅಂಥವರಿಗೆ ಹುಟ್ಟಿನಿಂದಲೂ ಮೂತ್ರದಲ್ಲಿ ಸಕ್ಕರೆ, ಬೇರೇನೂ ತೊಂದರೆ ಇರುವುದಿಲ್ಲ. ಬಸುರಿನ ತಪಾಸಣೆಯಲ್ಲಿ ಮೊದಲ ಬಾರಿ ಗೊತ್ತಾಗುವುದುಂಟು. ಇನ್ನು ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಬೈಕಾರ್ಬನೇಟ್ ಕೂಡ ಇಳಿದಿದ್ದರೆ ನಳಿಕೆಯ ಆ ಭಾಗವೇ ಕೆಟ್ಟಿದೆ ಎಂದರ್ಥ. ಎಚ್‌ಐವಿ, ಹೆಪಟೈಟಿಸ್ ಬಿಗೆ ಕೊಡುವ ಟೆನೋಫೋವಿರ್‌ನಂಥ ಔಷಧಿಯಿಂದಲೂ ಹಾಗಾಗಬಹುದು. ಅದು ಕಿಡ್ನಿ ತಜ್ಞರ ಕೆಲಸ. ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ದಯವಿಟ್ಟು ಇವನ್ನು ಮಾಡಬೇಡಿ

ಪ್ಲಸ್ ನೋಡಿ ಊಟ ಬಿಡಿಸಬೇಡಿ. ಬಸುರಿನಲ್ಲಿ ರಾತ್ರಿ ಊಟ ತಪ್ಪಿದರೆ ಬೆಳಿಗ್ಗೆಗೇ ಮೈ ಕೊಬ್ಬು ಕರಗಿಸಿ ಕೀಟೋನ್ ಮಾಡತೊಡಗುತ್ತದೆ. ಆಮೇಲೆ ಪಟ್ಟಿಯಲ್ಲಿ ಕೀಟೋನೂ ಬಂದು ಹೊಸ ಗಾಬರಿ. ರಕ್ತ ಸರಿಯಿದ್ದರೆ ಮೂತ್ರಕ್ಕೆ ಹೋಗುವ ಮೂರು ನಾಲ್ಕು ಗ್ರಾಂ ಸಕ್ಕರೆಯಿಂದ ತಾಯಿಗಾಗಲಿ ಮಗುವಿಗಾಗಲಿ ನಷ್ಟವಿಲ್ಲ. ಮುದ್ದೆ, ಅನ್ನ, ಬೇಳೆ, ಸೊಪ್ಪು, ಮೊಟ್ಟೆ ಎಂದಿನಂತೆ ನಡೆಯಲಿ.

ಮಧುಮೇಹ ನಿಜವಾಗಿಯೂ ಇರುವವರು ಮೂತ್ರದ ಪ್ಲಸ್ ನೋಡಿ ಇನ್ಸುಲಿನ್ ಏರಿಸಬಾರದು. ಕೋಡಿ ತಗ್ಗಿದ ಕಾಲದಲ್ಲಿ ರಕ್ತದ ಸಕ್ಕರೆ 100 ಇರುವಾಗಲೂ ಮೂತ್ರ ಪ್ಲಸ್ ತೋರಿಸಬಹುದು. ಅಲ್ಲಿ ಇನ್ಸುಲಿನ್ ಜಾಸ್ತಿ ಮಾಡಿದರೆ ಶುಗರ್ ಕುಸಿದು ಪ್ರಜ್ಞೆ ತಪ್ಪುವ ಅಪಾಯ. ಅವರಿಗೆ ಗುರಿ ರಕ್ತದಲ್ಲಿದೆ: ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ ಕಡಿಮೆ, ಊಟದ ಎರಡು ಗಂಟೆಗೆ 120ಕ್ಕಿಂತ ಕಡಿಮೆ.

ಉರಿಮೂತ್ರ ಇದ್ದರೆ 'ಸಕ್ಕರೆ ಇದೆಯಲ್ಲ, ಅದಕ್ಕೇ' ಎಂದು ಬಿಡಬೇಡಿ. ಬಸುರಿನಲ್ಲಿ ಮೂತ್ರದ ಸೋಂಕು ಕಿಡ್ನಿಗೆ ಏರುವುದು ಸುಲಭ. ಕಲ್ಚರ್ ಮಾಡಿಸಿ, ಪೂರ್ತಿ ಕೋರ್ಸ್ ಔಷಧಿ ತೆಗೆದುಕೊಳ್ಳಿ.

ಹೆರಿಗೆಯ ನಂತರ

ಬಸುರಿನಿಂದಲೇ ಬಂದ ಸೋರಿಕೆ ಸಾಮಾನ್ಯವಾಗಿ ಹೆರಿಗೆಯಾದ ವಾರದೊಳಗೆ ನಿಲ್ಲುತ್ತದೆ. ಬಾಣಂತಿಯನ್ನು ಬೆನೆಡಿಕ್ಟ್‌ನಲ್ಲಿ ಪರೀಕ್ಷಿಸಿದರೆ ಹಾಲಿನ ಸಕ್ಕರೆ ಮತ್ತೆ ಮೋಸ ಮಾಡುತ್ತದೆ, ಆದ್ದರಿಂದ ಪಟ್ಟಿಯಲ್ಲೇ ನೋಡಿ. ಬಸುರಿನಲ್ಲಿ ಮಧುಮೇಹ ಎಂದು ಬಂದಿದ್ದವರು ಮಾತ್ರ ಮೂತ್ರ ತಿಳಿಯಾಯಿತೆಂದು ಬಿಡಬಾರದು. ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಆಗಬೇಕು. ಬಾಣಂತನಕ್ಕೆ ತವರಿಗೆ ಹೋದಾಗ ಈ ದಿನಾಂಕ ತಪ್ಪಿಹೋಗುತ್ತದೆ, ಹಾಗಾಗಿ ಡಿಸ್ಚಾರ್ಜ್ ಆಗುವಾಗಲೇ ತಾಯಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ.

ಆರು ವಾರ ದಾಟಿದ ಮೇಲೂ ಪಟ್ಟಿಯಲ್ಲಿ ಸಕ್ಕರೆ ಬರುತ್ತಿದ್ದು, ರಕ್ತ ಎರಡು ಬಾರಿಯೂ ಸರಿಯಿದ್ದರೆ ಅದು ಮನೆತನದಿಂದ ಬಂದ ಕಿಡ್ನಿಯ ಗುಣ ಇರಬಹುದು. ಅಮ್ಮ, ಅಣ್ಣತಮ್ಮ, ಅಕ್ಕತಂಗಿಯರ ಮೂತ್ರವನ್ನೂ ಒಮ್ಮೆ ನೋಡಿ. ವೈದ್ಯರಿಂದ 'ರೀನಲ್ ಗ್ಲೈಕೋಸೂರಿಯಾ, ರಕ್ತದ ಸಕ್ಕರೆ ಸಹಜ' ಎಂದು ಚೀಟಿ ಬರೆಸಿ ಕಡತದಲ್ಲಿಡಿ. ನಾಳೆ ಕೆಲಸಕ್ಕೆ ಸೇರುವಾಗಿನ ತಪಾಸಣೆಯಲ್ಲೋ, ವಿಮೆಯ ಪರೀಕ್ಷೆಯಲ್ಲೋ, ಮುಂದಿನ ಬಸುರಿನಲ್ಲೋ ಯಾರಾದರೂ ಪಟ್ಟಿ ನೋಡಿ ಮಧುಮೇಹ ಎಂದರೆ ಆ ಚೀಟಿ ತೋರಿಸಿ, ರಕ್ತ ಪರೀಕ್ಷೆ ಕೇಳಿ.